ಸಿಗ್ನಲ್‌ನಲ್ಲಿ ಕೋಟಿ ರೂಪಾಯಿಯ ಕಾರು: ಹಿಂದಿನವರ ಹಾರ್ನ್ ಸುಮ್ಮನಾಗುವುದೇಕೆ?

ಮುಂಬಯಿ ಮಹಾನಗರದ ರಸ್ತೆಗಳಲ್ಲಿ ದಿನನಿತ್ಯ ಓಡಾಡುವವರಿಗೆ ಹಾರ್ನ್ ಸದ್ದು ಹೊಸತೇನೂ ಅಲ್ಲ. ಕೆಂಪು ದೀಪ ಹಸಿರಾಗಲು ಇನ್ನೂ ಎರಡು ಸೆಕೆಂಡು ಇರುವಾಗಲೇ ಹಿಂದಿನ ಸಾಲಿನಿಂದ ಹಾರ್ನ್ ಶುರುವಾಗುತ್ತದೆ. ಮುಂದೆ ನಿಂತಿರುವುದು ರಿಕ್ಷಾವೋ ಹಳೆಯ ಮಾರುತಿಯೋ ಆಗಿದ್ದು, ಅದರ ಎಂಜಿನ್ ಒಂದು ಕ್ಷಣ ನಿಂತಿತೆಂದರೆ ಮುಗಿಯಿತು. ಹಾರ್ನಿನ ಜತೆಗೆ ಬೈಗುಳವೂ ಸೇರಿಕೊಳ್ಳುತ್ತದೆ. ಆದರೆ ಅದೇ ಜಾಗದಲ್ಲಿ ನೆಲಕ್ಕೆ ಅಂಟಿಕೊಂಡಂತಿರುವ ಹಳದಿ ಲ್ಯಾಂಬೊರ್ಗಿನಿಯೋ ಕೆಂಪು ಫೆರಾರಿಯೋ ನಿಂತಿದ್ದರೆ ದೃಶ್ಯವೇ ಬದಲಾಗುತ್ತದೆ. ಹಿಂದಿನ ಕಾರು ಒಂದು ಮಾರು ದೂರದಲ್ಲೇ ನಿಲ್ಲುತ್ತದೆ. ಪಕ್ಕದ ಬೈಕಿನವನು ಹೆಲ್ಮೆಟ್ ಗಾಜು ಮೇಲೆತ್ತಿ ನೋಡುತ್ತಾನೆ. ಬೆಸ್ಟ್ ಬಸ್ಸಿನ ಕಿಟಕಿಗಳಿಂದ ಮೊಬೈಲುಗಳು ಹೊರಗೆ ಬರುತ್ತವೆ. ದೀಪ ಹಸಿರಾದರೂ ಹಾರ್ನ್ ಹೊಡೆಯಲು ಯಾರೂ ಮುಂದಾಗುವುದಿಲ್ಲ.

ಕಾರು ಯಾರದೋ, ರಸ್ತೆ ಎಲ್ಲರದು. ಹಾಗಿರುವಾಗ ಒಂದು ವಾಹನಕ್ಕೆ ಹೀಗೊಂದು ನ್ಯಾಯ, ಇನ್ನೊಂದಕ್ಕೆ ಹಾಗೊಂದು ನ್ಯಾಯ ಏಕೆ? ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಮಹಾನಗರದ ತುಳು-ಕನ್ನಡಿಗರಲ್ಲಿ ಟ್ಯಾಕ್ಸಿ, ಟೆಂಪೊ ಓಡಿಸಿ ಸಂಸಾರ ಸಾಗಿಸುವವರಿದ್ದಾರೆ. ರಾತ್ರಿ ಹೋಟೆಲು ಮುಚ್ಚಿ ಸ್ಕೂಟರಿನಲ್ಲಿ ಮನೆಗೆ ಮರಳುವವರಿದ್ದಾರೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಬೈಕಿನ ಕೀಲಿ ಕೊಟ್ಟು ಅವರು ಬರುವವರೆಗೆ ಬಾಗಿಲ ಬಳಿ ಕಾಯುವ ತಾಯಂದಿರಿದ್ದಾರೆ. ಇವರಾರೂ ಸ್ಪೋರ್ಟ್ಸ್ ಕಾರಿನ ಮಾಲಕರಲ್ಲದಿರಬಹುದು. ಆದರೆ ಅದೇ ರಸ್ತೆಯಲ್ಲಿ ಅದರ ಹಿಂದೆ, ಮುಂದೆ, ಪಕ್ಕದಲ್ಲಿ ಇರುವವರು ಇವರೇ.

1968ರ ಹಾರ್ನ್ ಪರೀಕ್ಷೆ

ಈ ವಿಷಯವನ್ನು ಅಮೆರಿಕದಲ್ಲಿ ಬಹಳ ಹಿಂದೆಯೇ ಪರೀಕ್ಷಿಸಿ ನೋಡಲಾಗಿದೆ. ಆಂಟನಿ ಡೂಬ್ ಮತ್ತು ಆಲನ್ ಗ್ರಾಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾ ರಾಜ್ಯದ ಪಾಲೊ ಆಲ್ಟೊ ಮತ್ತು ಮೆನ್ಲೊ ಪಾರ್ಕ್ ಎಂಬ ಊರುಗಳ ಸಿಗ್ನಲ್‌ಗಳಲ್ಲಿ ನಡೆಸಿದ ಪ್ರಯೋಗ 1968ರಲ್ಲಿ ಪ್ರಕಟವಾಯಿತು. ಅವರು ಮಾಡಿದ್ದು ಇಷ್ಟೇ. ದೀಪ ಹಸಿರಾದ ಮೇಲೂ ತಮ್ಮ ಕಾರನ್ನು ಕದಲಿಸದೆ ಹದಿನೈದು ಸೆಕೆಂಡಿನವರೆಗೆ ಅಲ್ಲೇ ನಿಲ್ಲುವುದು, ಹಿಂದಿನವರು ಎಷ್ಟು ಹೊತ್ತಿಗೆ ಹಾರ್ನ್ ಹೊಡೆಯುತ್ತಾರೆಂದು ಲೆಕ್ಕ ಇಡುವುದು. ಕೆಲವು ಸಲ ತೊಳೆದು ಹೊಳಪು ಕೊಟ್ಟ, ಕಪ್ಪು ಬಣ್ಣದ ಹೊಸ ಕ್ರೈಸ್ಲರ್ ಇಂಪೀರಿಯಲ್ ಕಾರು ನಿಲ್ಲಿಸಿದರು. ಇನ್ನು ಕೆಲವು ಸಲ ತುಕ್ಕು ಹಿಡಿದ ಹಳೆಯ ಫೋರ್ಡ್ ಅಥವಾ ಬೂದುಬಣ್ಣದ ರ‍್ಯಾಂಬ್ಲರ್ ನಿಲ್ಲಿಸಿದರು.

ಹಳೆಯ ಕಾರಿನ ಹಿಂದೆ ನಿಂತವರಲ್ಲಿ ಶೇ. 84ರಷ್ಟು ಮಂದಿ ಹಾರ್ನ್ ಹೊಡೆದರು. ಹೊಳೆಯುವ ಕಾರಿನ ಹಿಂದೆ ನಿಂತವರಲ್ಲಿ ಹಾರ್ನ್ ಹೊಡೆದವರು ಶೇ. 50 ಮಾತ್ರ. ಇಬ್ಬರು ಚಾಲಕರಂತೂ ಹಾರ್ನಿನ ಗೋಜಿಗೇ ಹೋಗದೆ ಹಳೆಯ ಕಾರಿನ ಹಿಂಬದಿಗೆ ತಮ್ಮ ಬಂಪರನ್ನೇ ತಾಗಿಸಿಬಿಟ್ಟರು! ದುಬಾರಿ ಕಾರಿಗೆ ಆ ಗತಿ ಬರಲಿಲ್ಲ.

ಇದಕ್ಕಿಂತ ಸ್ವಾರಸ್ಯಕರವಾದದ್ದು ಮುಂದಿನ ಭಾಗ. ಇಂಥ ಸಂದರ್ಭದಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೆಲವು ವಿದ್ಯಾರ್ಥಿಗಳನ್ನು ಕೇಳಿದಾಗ, ದುಬಾರಿ ಕಾರಿಗೇ ಬೇಗ ಹಾರ್ನ್ ಹೊಡೆಯುತ್ತೇವೆ ಎಂದು ಹುಡುಗರು ಉತ್ತರಿಸಿದರು. ಬಾಯಲ್ಲಿ ಹೇಳುವುದೇ ಬೇರೆ, ಸ್ಟಿಯರಿಂಗ್ ಹಿಡಿದಾಗ ಮಾಡುವುದೇ ಬೇರೆ ಎಂದಾಯಿತು. ಶ್ರೀಮಂತರ ಕಾರಿಗೆ ತಾನು ಸೊಪ್ಪು ಹಾಕುವುದಿಲ್ಲ ಎಂದು ಸಂಘದ ಜಗಲಿಯಲ್ಲಿ ಕುಳಿತು ಮಾತಾಡುವುದು ಸುಲಭ. ಬೆಳಗ್ಗಿನ ಅವಸರದಲ್ಲಿ ಅಂಥ ಕಾರು ಎದುರಿಗೆ ಬಂದಾಗ ಕೈ ತಾನಾಗಿಯೇ ಹಾರ್ನಿನಿಂದ ದೂರ ಸರಿಯುತ್ತದೆ.

ಹೆದರಿಕೆಯ ಹಿಂದಿನ ಲೆಕ್ಕಾಚಾರ

ಮುಂಬಯಿ ರಸ್ತೆಯಲ್ಲಿ ಸ್ಪೋರ್ಟ್ಸ್ ಕಾರನ್ನು ಕಂಡವರ ವರ್ತನೆ ಒಂದೇ ತೆರನಾಗಿರುವುದಿಲ್ಲ. ಸ್ಥೂಲವಾಗಿ ನಾಲ್ಕು ಬಗೆಯವರನ್ನು ಕಾಣಬಹುದು.

ಮೊದಲನೆಯವರು ದೂರ ನಿಲ್ಲುವವರು. ಇವರ ಮೌನವನ್ನು ಗೌರವ ಎಂದು ತಿಳಿಯಬೇಕಿಲ್ಲ, ಅದರ ಹಿಂದೆ ಒಂದು ಲೆಕ್ಕವಿದೆ. ಅಂಥ ಕಾರಿಗೆ ಒಂದು ಗೀರು ಬಿದ್ದರೂ ಖರ್ಚು ಲಕ್ಷದ ಮಾತು. ವಿದೇಶದಿಂದ ಇಡಿಯಾಗಿ ಬರುವ ಇಂಥ ಕಾರುಗಳ ಮೇಲೆ ದಶಕಗಳ ಕಾಲ ಆಮದು ಸುಂಕವೇ ಕಾರಿನ ಮೂಲಬೆಲೆಯಷ್ಟು ಬೀಳುತ್ತಿತ್ತು. ಬಿಡಿಭಾಗಗಳೂ ಹೊರದೇಶದಿಂದಲೇ ಬರಬೇಕು.

ಇಲ್ಲಿ ಓದುಗರು ತಮ್ಮ ವಿಮಾ ಪಾಲಿಸಿಯನ್ನೊಮ್ಮೆ ತೆರೆದು ನೋಡುವುದು ಒಳ್ಳೆಯದು. ಖಾಸಗಿ ಕಾರಿನ ಥರ್ಡ್ ಪಾರ್ಟಿ ವಿಮೆಯಲ್ಲಿ ಎದುರಿನವರ ಆಸ್ತಿಗೆ, ಅಂದರೆ ಅವರ ವಾಹನಕ್ಕೆ ಆದ ಹಾನಿಗೆ ಇರುವ ಮಿತಿ ಸಾಮಾನ್ಯವಾಗಿ 7.5 ಲಕ್ಷ ರೂ. ದ್ವಿಚಕ್ರ ವಾಹನಕ್ಕಾದರೆ 1 ಲಕ್ಷ ರೂ. ಪ್ರೀಮಿಯಂನಲ್ಲಿ ಅಷ್ಟಿಷ್ಟು ಉಳಿಸುವ ಆಸೆಗೆ ಈ ಮಿತಿಯನ್ನು ಬರೇ 6,000 ರೂ.ಗೆ ಇಳಿಸಿಕೊಳ್ಳುವ ಅವಕಾಶವೂ ಇದೆ. ಓದದೆ ಸಹಿ ಹಾಕಿದವರು ಇದನ್ನು ಗಮನಿಸಿರುವುದಿಲ್ಲ. ಮಿತಿ ಮೀರಿದ ನಷ್ಟವನ್ನು ತಪ್ಪಿತಸ್ಥನೇ ಭರಿಸಬೇಕಾಗಿ ಬರಬಹುದು. ಜೀವಹಾನಿ ಅಥವಾ ಗಾಯಕ್ಕೆ ಸಂಬಂಧಿಸಿದ ಪರಿಹಾರಕ್ಕೆ ಇಂಥ ಮಿತಿ ಇಲ್ಲ, ಅದನ್ನು ನ್ಯಾಯಮಂಡಳಿ ನಿರ್ಧರಿಸುತ್ತದೆ ಎಂಬುದು ಬೇರೆ ಮಾತು. ಕಂತು ಕಟ್ಟಿ ಟ್ಯಾಕ್ಸಿ ಓಡಿಸುವವನು ಕೋಟಿ ರೂಪಾಯಿಯ ಬಂಪರಿನಿಂದ ದೂರ ನಿಲ್ಲುವುದರಲ್ಲಿ ಆಶ್ಚರ್ಯವೇನಿದೆ?

ಎರಡನೆಯವರು ಮೊಬೈಲು ಹಿಡಿಯುವವರು. ಬೈಕಿನ ಹಿಂದೆ ಕುಳಿತವರು ಚಿತ್ರ ತೆಗೆಯುವುದು ಒಂದು ಕಡೆಯಾದರೆ, ಬೈಕು ಓಡಿಸುತ್ತಿರುವವರೇ ಒಂದು ಕೈಯಲ್ಲಿ ಮೊಬೈಲು ಹಿಡಿದು ಕಾರಿನ ಪಕ್ಕಕ್ಕೇ ಸಾಗುವುದು ಇನ್ನೊಂದು ಕಡೆ. ಕಾರು ಎಡಕ್ಕೆ ಸರಿದರೆ ಇವರೂ ಎಡಕ್ಕೆ, ನಿಧಾನಿಸಿದರೆ ಇವರೂ ನಿಧಾನ. ಹಿಂದಿನಿಂದ ಬರುವ ಬಸ್ಸು, ಮುಂದಿರುವ ಹೊಂಡ ಇವರ ಕಣ್ಣಿಗೆ ಬೀಳುವುದಿಲ್ಲ.

ಮೂರನೆಯವರು ಪಂದ್ಯಕ್ಕೆ ಇಳಿಯುವವರು. ಸಾಮಾನ್ಯ ಕಾರಿನಲ್ಲಿದ್ದರೂ ಸಿಗ್ನಲ್‌ನಲ್ಲಿ ಎಂಜಿನ್ ಗುರ‍್ರೆನ್ನಿಸಿ 'ಬಾ ನೋಡುವಾ' ಎಂದು ಕೆಣಕುವ ಯುವಕರಿವರು. ಮಹಾಶಕ್ತಿಯ ಕಾರನ್ನು ಒಮ್ಮೆಯಾದರೂ ಹಿಂದೆ ಹಾಕಿದೆ ಎಂದು ಗೆಳೆಯರ ಮುಂದೆ ಹೇಳಿಕೊಳ್ಳುವ ಹಂಬಲ. ಎದುರಿನವನೂ ಬಿಸಿರಕ್ತದವನಾಗಿದ್ದರೆ ರಸ್ತೆಯೇ ರೇಸ್ ಮೈದಾನ! 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ರಸ್ತೆಯಲ್ಲಿ ಪಂದ್ಯ ನಡೆಸಿದರೆ ಮೊದಲ ತಪ್ಪಿಗೇ 5,000 ರೂ. ವರೆಗೆ ದಂಡ ಅಥವಾ ಸೆರೆವಾಸ. ಕಾಯ್ದೆಯು ಸವಾಲು ಹಾಕಿದವನನ್ನೂ ಸ್ವೀಕರಿಸಿದವನನ್ನೂ ಬೇರೆ ಬೇರೆಯಾಗಿ ನೋಡುವುದಿಲ್ಲ.

ನಾಲ್ಕನೆಯವರು ದಾರಿ ಬಿಡದವರು. 'ನಿನ್ನ ಕಾರು ಎಷ್ಟು ದೊಡ್ಡದಾದರೇನು, ನನ್ನ ಹಿಂದೆಯೇ ಬಾ' ಎಂಬ ಹಟದವರು. ಸ್ಪೋರ್ಟ್ಸ್ ಕಾರಿನ ಇಂಡಿಕೇಟರ್ ಬೆಳಗಿದ ಕೂಡಲೇ ಎಡೆ ಮುಚ್ಚುತ್ತಾರೆ. ಸ್ಪೀಡ್ ಬ್ರೇಕರ್ ಬಳಿ ಇವರಿಗೆ ಬಹಳ ಖುಷಿ. ಏಕೆಂದರೆ ಗಂಟೆಗೆ ಮುನ್ನೂರು ಕಿಲೋಮೀಟರ್ ಓಡಬಲ್ಲ ಆ ಕಾರು ಮುಂಬಯಿಯ ಹಂಪಿನ ಮುಂದೆ ಇರುವೆಯಂತೆ ಓರೆಯಾಗಿ ತೆವಳಬೇಕಾಗುತ್ತದೆ. ಅದರ ಹೊಟ್ಟೆ ನೆಲಕ್ಕೆ ಅಷ್ಟು ಹತ್ತಿರ. ಗುಂಡಿ ಒತ್ತಿದರೆ ಮುಂಭಾಗ ನಾಲ್ಕೈದು ಸೆಂಟಿಮೀಟರ್ ಮೇಲೇಳುವ ಏರ್ಪಾಡು ಕೆಲವು ಮಾದರಿಗಳಲ್ಲಿದೆ. ಆದರೂ ಮಳೆಗಾಲದ ಹೊಂಡಗಳ ಮುಂದೆ ಅದು ಸಾಲದು. ಪಕ್ಕದಿಂದ ದಡದಡನೆ ಹಾರಿ ಹೋಗುವ ರಿಕ್ಷಾವಾಲಾನ ಮುಖದಲ್ಲಿ ಆಗ ಕಾಣುವ ನಗೆಗೆ ಬೆಲೆ ಕಟ್ಟಲಾಗದು.

ಸಚಿನ್ ಫೆರಾರಿಯಿಂದ ಮೀರಾ ರೋಡ್‌ವರೆಗೆ

ಜನರ ಪ್ರತಿಕ್ರಿಯೆ ಕಾರನ್ನು ಮಾತ್ರವಲ್ಲ, ಒಳಗೆ ಕುಳಿತವರು ಯಾರು ಎಂಬುದನ್ನೂ ಅವಲಂಬಿಸಿದೆ. ಇದಕ್ಕೆ ಮುಂಬಯಿಯಲ್ಲೇ ಒಳ್ಳೆಯ ಉದಾಹರಣೆ ಇದೆ. ಸಚಿನ್ ತೆಂಡೂಲ್ಕರ್ 2002ರಲ್ಲಿ ಟೆಸ್ಟ್ ಕ್ರಿಕೆಟಿನಲ್ಲಿ ಡಾನ್ ಬ್ರಾಡ್ಮನ್ ಅವರ 29 ಶತಕಗಳನ್ನು ಸರಿಗಟ್ಟಿದಾಗ ಫಿಯೆಟ್ ಕಂಪೆನಿಯ ವತಿಯಿಂದ ಅವರಿಗೆ ಫೆರಾರಿ 360 ಮೊಡೆನಾ ಕಾರು ಉಡುಗೊರೆಯಾಗಿ ಬಂತು. ಅದನ್ನು ಹಸ್ತಾಂತರಿಸಿದವರು ಕಾರು ಪಂದ್ಯದ ದಿಗ್ಗಜ ಮೈಕೆಲ್ ಶುಮಾಕರ್. ಮುಂಬಯಿ ರಸ್ತೆಯಲ್ಲಿ ಆ ಕಾರು ಕಂಡಾಗ ಜನರಿಗೆ ಅಸೂಯೆ ಹುಟ್ಟಲಿಲ್ಲ, ಮನೆಯ ಮಗನ ಗಾಡಿ ಎಂಬ ಅಭಿಮಾನ ಹುಟ್ಟಿತು.

ಆದರೆ ಅದೇ ಕಾರಿಗೆ ಆಮದು ಸುಂಕದ ವಿನಾಯಿತಿ ಸಿಕ್ಕಿದೆ ಎಂಬ ಸುದ್ದಿ 2003ರಲ್ಲಿ ಹೊರಬಿದ್ದಾಗ ಅದೇ ಜನ ಹುಬ್ಬೇರಿಸಿದರು. ಒಂದು ಕೋಟಿಗೂ ಮಿಕ್ಕಿದ ಸುಂಕವನ್ನು ಸರಕಾರ ಏಕೆ ಬಿಡಬೇಕು ಎಂಬ ಪ್ರಶ್ನೆ ದೆಹಲಿ ಹೈಕೋರ್ಟಿನವರೆಗೂ ಹೋಯಿತು. ಕೊನೆಗೆ ಕಂಪೆನಿಯೇ 1.13 ಕೋಟಿ ರೂ. ಸುಂಕ ಕಟ್ಟಿ ವಿವಾದಕ್ಕೆ ತೆರೆ ಎಳೆಯಿತು. 2011ರಲ್ಲಿ ಆ ಕಾರು ಸೂರತಿನ ವ್ಯಾಪಾರಿಯೊಬ್ಬರ ಪಾಲಾಯಿತು. ಮರುವರ್ಷ 'ಫೆರಾರಿ ಕೀ ಸವಾರಿ' ಎಂಬ ಹಿಂದಿ ಚಿತ್ರವೂ ಬಂತು. ಒಂದೇ ಕಾರು; ಒಮ್ಮೆ ಪ್ರೀತಿ, ಒಮ್ಮೆ ಆಕ್ಷೇಪ. ಜನ ಸಿಟ್ಟಾದದ್ದು ಕಾರಿನ ಬೆಲೆಗಲ್ಲ, ತಮಗೆ ಅನ್ವಯಿಸುವ ನಿಯಮ ಅದಕ್ಕೆ ಅನ್ವಯಿಸಲಿಲ್ಲ ಎಂಬುದಕ್ಕೆ.

ಇನ್ನೊಂದು ಘಟನೆ ಮೀರಾ ರೋಡಿನದು. 2016ರ ಆಗಸ್ಟಿನಲ್ಲಿ ಅಲ್ಲಿನ ಶಾಸಕರೊಬ್ಬರು ಪತ್ನಿಗೆ ಕೇಸರಿ ಬಣ್ಣದ ಲ್ಯಾಂಬೊರ್ಗಿನಿಯನ್ನು ಉಡುಗೊರೆಯಾಗಿ ಕೊಟ್ಟರು. ಜನ ಸುತ್ತ ನಿಂತು ನೋಡುತ್ತಿರುವಾಗಲೇ ಕಾರು ನಾಲ್ಕು ಮಾರು ಸಾಗುವಷ್ಟರಲ್ಲಿ ನಿಂತಿದ್ದ ರಿಕ್ಷಾಕ್ಕೆ ಗುದ್ದಿತು. ಆ ವಿಡಿಯೊ ದೇಶವಿಡೀ ಹರಿದಾಡಿ ನಗೆಯ ವಸ್ತುವಾಯಿತು. ನಕ್ಕವರಲ್ಲಿ ಹೆಚ್ಚಿನವರಿಗೆ ಆ ಕುಟುಂಬದ ಪರಿಚಯವೇ ಇರಲಿಲ್ಲ. ಹೊಸ ಕಾರಿನಲ್ಲಿ ಮೊದಲ ದಿನ ತಪ್ಪು ಯಾರಿಂದಲೂ ಆಗಬಹುದು. ಅದೇ ತಪ್ಪು ಆಲ್ಟೊ ಕಾರಿನಿಂದ ಆಗಿದ್ದರೆ ಪಕ್ಕದ ಓಣಿಗೂ ಸುದ್ದಿ ಮುಟ್ಟುತ್ತಿರಲಿಲ್ಲ. ದೊಡ್ಡವರು ಜಾರಿ ಬಿದ್ದಾಗ ನೋಡುವವರಿಗೆ ಆಗುವ ಸಂತೋಷ ಮನುಷ್ಯ ಸಹಜವಾದರೂ ಅಷ್ಟೇನೂ ಹೆಮ್ಮೆಪಡುವಂಥದ್ದಲ್ಲ.

ಅಂದ ಹಾಗೆ, ಜನ ತಿರುಗಿ ನೋಡುವುದಕ್ಕೆ ಕಾರು ಕೋಟಿ ಬೆಲೆಯದ್ದೇ ಆಗಿರಬೇಕಿಲ್ಲ. ಬೆಂಗಳೂರು ಮೂಲದ ಸ್ಯಾನ್ ಮೋಟರ್ಸ್ ಸಂಸ್ಥೆ 1998ರಲ್ಲಿ 'ಸ್ಯಾನ್ ಸ್ಟಾರ್ಮ್' ಎಂಬ ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರನ್ನು ಹೊರತಂದಿತ್ತು. ತಯಾರಾಗುತ್ತಿದ್ದದ್ದು ಗೋವಾದಲ್ಲಿ. ಅದರ ಎಂಜಿನ್ ಶಕ್ತಿ ಸುಮಾರು 60 ಅಶ್ವಶಕ್ತಿ, ಅಂದರೆ ಸಾಧಾರಣ ಸಂಸಾರದ ಕಾರಿನಷ್ಟೇ. ಆದರೂ ಅದು ಬೀದಿಗೆ ಬಂದರೆ ಮಕ್ಕಳು ಹಿಂದೆ ಓಡುತ್ತಿದ್ದರು. ಜನರ ಕಣ್ಣು ಮೊದಲು ಹೋಗುವುದು ಆಕಾರದ ಕಡೆಗೆ. ವೇಗದ ವಿಚಾರ ಆಮೇಲೆ.

ಪುಣೆಯ ಆ ರಾತ್ರಿ

ಅಭಿಮಾನ, ನಗೆ, ಹೆದರಿಕೆ ಇವೆಲ್ಲ ಒಂದು ಕಡೆ. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ನಡೆದ ಘಟನೆ ಇವೆಲ್ಲವನ್ನೂ ಸಿಟ್ಟಾಗಿ ಮಾರ್ಪಡಿಸಿತು. 17ರ ಹರೆಯದ ಹುಡುಗ ಓಡಿಸುತ್ತಿದ್ದನೆನ್ನಲಾದ ಪೋರ್ಶೆ ಟೈಕಾನ್ ಕಾರು ದ್ವಿಚಕ್ರ ವಾಹನಕ್ಕೆ ಅಪ್ಪಳಿಸಿ, ಮಧ್ಯಪ್ರದೇಶದಿಂದ ಉದ್ಯೋಗಕ್ಕಾಗಿ ಬಂದಿದ್ದ ಇಬ್ಬರು ಯುವ ಎಂಜಿನಿಯರುಗಳು ಪ್ರಾಣ ಕಳೆದುಕೊಂಡರು. ಊರು ಬಿಟ್ಟು ಹೊಟ್ಟೆಪಾಡಿಗಾಗಿ ಪರವೂರು ಸೇರಿದ ಮಕ್ಕಳವರು. ಮುಂಬಯಿ, ಪುಣೆಯ ಕನ್ನಡಿಗರ ಮನೆಗಳಲ್ಲೂ ಅಂಥ ಮಕ್ಕಳಿದ್ದಾರೆ ಎಂದಾಗ ಆ ಸುದ್ದಿ ಓದಿದ ಯಾವ ತಾಯಿಯ ಕರುಳು ಚುರ್ ಅನ್ನದಿದ್ದೀತು?

ಸ್ಥಳದಲ್ಲಿದ್ದ ಜನ ಕಾರಿನಲ್ಲಿದ್ದವರನ್ನು ಹಿಡಿದು ಥಳಿಸಿದರು. ಹುಡುಗನಿಗೆ ಅದೇ ದಿನ ಜಾಮೀನು ಸಿಕ್ಕಿತು, ಷರತ್ತುಗಳಲ್ಲೊಂದು ರಸ್ತೆ ಅಪಘಾತದ ಕುರಿತು 300 ಪದಗಳ ಪ್ರಬಂಧ ಬರೆಯುವುದು ಎಂಬುದು ಗೊತ್ತಾದಾಗ ದೇಶವೇ ಕೆರಳಿತು. ಜಾಮೀನಿನ ಆದೇಶ ಕೆಲವೇ ದಿನಗಳಲ್ಲಿ ಬದಲಾಯಿತು. ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದ ಮೇಲೆ ವೈದ್ಯರ ಬಂಧನವೂ ಆಯಿತು.

ಇಲ್ಲಿ ಕರ್ನಾಟಕದ ನಂಟೂ ಒಂದಿದೆ. ಆ ಕಾರು ಬಂದದ್ದು ಬೆಂಗಳೂರಿನ ವಿತರಕರ ಮೂಲಕ, ಕರ್ನಾಟಕದ ತಾತ್ಕಾಲಿಕ ನೋಂದಣಿಯೊಂದಿಗೆ. ಪುಣೆಯಲ್ಲಿ ಕಾಯಂ ನೋಂದಣಿ ಆಗಿರಲಿಲ್ಲ. ಬಾಕಿ ಇದ್ದ ಶುಲ್ಕ 1,758 ರೂ. ಮಾತ್ರ ಎಂದು ಮಹಾರಾಷ್ಟ್ರದ ಸಾರಿಗೆ ಅಧಿಕಾರಿಗಳು ಆಗ ತಿಳಿಸಿದ್ದರು. ಕೋಟಿ ಮೀರಿದ ಬೆಲೆಯ ಕಾರಿಗೆ ಎರಡು ಸಾವಿರವೂ ಆಗದ ಶುಲ್ಕ ಬಾಕಿ! ಸ್ಕೂಟರಿನ ಪಿಯುಸಿ ಅವಧಿ ಒಂದು ದಿನ ಮೀರಿದ್ದಕ್ಕೆ ದಂಡ ಕಟ್ಟಿದವನಿಗೆ ಇದನ್ನು ಓದಿ ಹೊಟ್ಟೆ ಉರಿಯದಿರುತ್ತದೆಯೇ?

ಬೆಂಗಳೂರಿನಲ್ಲೂ ಇದೇ ಬಗೆಯ ಸುದ್ದಿ. ಪರರಾಜ್ಯದ ನೋಂದಣಿ ಇಟ್ಟುಕೊಂಡು ತೆರಿಗೆ ತಪ್ಪಿಸುತ್ತಿದ್ದ ದುಬಾರಿ ಕಾರುಗಳ ಮೇಲೆ ಕರ್ನಾಟಕ ಸಾರಿಗೆ ಇಲಾಖೆ 2025ರಲ್ಲಿ ಕಾರ್ಯಾಚರಣೆ ನಡೆಸಿತು. ಮಹಾರಾಷ್ಟ್ರದ ನಂಬರಿನ ಫೆರಾರಿಯೊಂದರ ಮಾಲಕರಿಂದ ಆ ಜುಲೈಯಲ್ಲಿ ಸುಮಾರು 1.42 ಕೋಟಿ ರೂ. ತೆರಿಗೆ, ದಂಡ ವಸೂಲಾಯಿತು. ಒಂದು ರಾಜ್ಯದ ವಾಹನ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅಲ್ಲಿಯ ನೋಂದಣಿ ಮಾಡಿಸಬೇಕೆಂಬ ನಿಯಮ ಎಲ್ಲರಿಗೂ ಒಂದೇ. ಊರಿಗೆ ಮರಳಿ ನೆಲೆಸುವಾಗ ಎಂಎಚ್ ನಂಬರಿನ ಸ್ಯಾಂಟ್ರೊ ಒಯ್ದವರೂ ಈ ಓಡಾಟ ಮಾಡಿದವರೇ.

ದಂಡದಲ್ಲೂ ತಾರತಮ್ಯವೇ?

'ಆನೆ ನಡೆದದ್ದೇ ಹಾದಿ' ಎಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿದ್ದಿರಬೇಕು. ಭಾರತದಲ್ಲಿ ಲಘು ವಾಹನದ ಅತಿವೇಗಕ್ಕೆ ದಂಡ 1,000ದಿಂದ 2,000 ರೂ. ಕ್ಯಾಂಟೀನ್ ನೌಕರನಿಗೆ ಅದು ಕೆಲವು ದಿನಗಳ ದುಡಿಮೆ, ಸ್ಪೋರ್ಟ್ಸ್ ಕಾರಿನವನಿಗೆ ಒಂದು ಟ್ಯಾಂಕಿ ಪೆಟ್ರೋಲಿನ ಖರ್ಚೂ ಅಲ್ಲ. ಫಿನ್ಲೆಂಡ್ ದೇಶದಲ್ಲಿ ಗಂಭೀರ ವೇಗದ ತಪ್ಪಿಗೆ ಆದಾಯ ನೋಡಿ ದಂಡ ಹಾಕುವ ಪದ್ಧತಿ ಇದೆ. 2002ರಲ್ಲಿ ನೋಕಿಯಾ ಕಂಪೆನಿಯ ಹಿರಿಯ ಅಧಿಕಾರಿಯೊಬ್ಬರಿಗೆ 50 ಕಿ.ಮೀ. ಮಿತಿಯ ರಸ್ತೆಯಲ್ಲಿ 75ರ ವೇಗದಲ್ಲಿ ಬೈಕ್ ಓಡಿಸಿದ್ದಕ್ಕೆ 1,16,000 ಯೂರೊ ದಂಡ ಬಿದ್ದದ್ದು ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಮೇಲ್ಮನವಿಯ ಬಳಿಕ ಅದು ಕಡಿಮೆಯಾಯಿತಾದರೂ ಆ ಪದ್ಧತಿಯ ಹಿಂದಿನ ತರ್ಕ ಎಂಥವರಿಗೂ ಅರ್ಥವಾಗುವಂಥದ್ದು.

ಹಾಗೆಂದು ದುಬಾರಿ ಕಾರಿನವರೆಲ್ಲ ಪುಂಡರು ಎನ್ನುವುದೂ ನ್ಯಾಯವಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ರಸ್ತೆ ಕೂಡುವಲ್ಲಿ ತಮ್ಮ ಸರದಿ ಕಾಯದೆ ನುಗ್ಗುವುದರಲ್ಲಿ, ಪಾದಚಾರಿಗಳಿಗೆ ದಾರಿ ಕೊಡದಿರುವುದರಲ್ಲಿ ದುಬಾರಿ ಕಾರಿನವರೇ ಮುಂದಿದ್ದದ್ದು ನಿಜ. ಆದರೆ ಫಿನ್ಲೆಂಡಿನ 1,892 ಕಾರು ಮಾಲಕರನ್ನು ಸಂದರ್ಶಿಸಿ 2020ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಎರಡು ಮುಖ ತೋರಿಸಿತು. ವಾದಪ್ರಿಯ, ಹಟಮಾರಿ ಗಂಡಸರು ಪ್ರತಿಷ್ಠೆಯ ಕಾರು ಹೊಂದಿರುವ ಸಂಭವ ಹೆಚ್ಚು ಎಂಬುದು ಒಂದು. ಶಿಸ್ತಿನ, ಜವಾಬ್ದಾರಿಯುತ ಸ್ವಭಾವದ ಗಂಡಸರು, ಹೆಂಗಸರು ಕೂಡ ಗುಣಮಟ್ಟ ನೋಡಿ ಅಂಥ ಕಾರುಗಳನ್ನು ಕೊಳ್ಳುತ್ತಾರೆ ಎಂಬುದು ಇನ್ನೊಂದು. ಗಾಜಿನ ಹಿಂದೆ ಇಬ್ಬರಲ್ಲಿ ಯಾರು ಕುಳಿತಿದ್ದಾರೆಂದು ಹೊರಗಿನವರಿಗೆ ತಿಳಿಯುವುದು ಹೇಗೆ? ವರ್ಷಾನುಗಟ್ಟಲೆ ದುಡಿದು, ವಯಸ್ಸಾದ ಮೇಲೆ ಒಂದು ಆಸೆ ತೀರಿಸಿಕೊಂಡು, ಭಾನುವಾರ ಬೆಳಗ್ಗೆ ಮರೀನ್ ಡ್ರೈವಿನಲ್ಲಿ ನಿಧಾನವಾಗಿ ಒಂದು ಸುತ್ತು ಹಾಕುವವರೂ ಇರುತ್ತಾರೆ. ಅಂಥವರಿಗೂ ಪಾರ್ಕಿಂಗಿನಲ್ಲಿ ಬೇಕೆಂದೇ ಗೀರು ಎಳೆಯುವವರ, ಬಾನೆಟ್ ಮೇಲೆ ಒರಗಿ ಫೋಟೊ ತೆಗೆಸಿಕೊಳ್ಳುವವರ ಕಾಟ ತಪ್ಪಿದ್ದಲ್ಲ.

ಸದ್ದು, ವೇಗ, ಸಮುದ್ರ ತೀರ

2009ರ ಜೂನ್ 30ರಂದು ಬಾಂದ್ರಾ-ವರ್ಲಿ ಸೀ ಲಿಂಕ್ ತೆರೆದಾಗಿನಿಂದ ಮುಂಬಯಿಯ ವೇಗಪ್ರಿಯರಿಗೆ 5.6 ಕಿ.ಮೀ. ಉದ್ದದ ನೇರ ದಾರಿ ಸಿಕ್ಕಿತು. 2024ರ ಮಾರ್ಚಿನಲ್ಲಿ ಕೋಸ್ಟಲ್ ರೋಡಿನ ಮೊದಲ ಭಾಗ ತೆರೆಯಿತು, ಆಮೇಲೆ ಅದು ಸೀ ಲಿಂಕಿಗೂ ಜೋಡಣೆಯಾಯಿತು. ಎರಡರಲ್ಲೂ ವೇಗಮಿತಿ ಗಂಟೆಗೆ 80 ಕಿ.ಮೀ., ಕೋಸ್ಟಲ್ ರೋಡಿನ ಸುರಂಗದಲ್ಲಿ ಇನ್ನೂ ಕಡಿಮೆ. ಎರಡರಲ್ಲೂ ದ್ವಿಚಕ್ರ ವಾಹನಗಳಿಗೆ, ರಿಕ್ಷಾಗಳಿಗೆ ಪ್ರವೇಶವಿಲ್ಲ. ಹೊಸ ರಸ್ತೆಯಲ್ಲಿ ರಾತ್ರಿ ಹೊತ್ತು ಭರ‍್ರೆಂದು ಸಾಗುವ ಕಾರುಗಳ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ಸಮುದ್ರ ತೀರದ ನಿವಾಸಿಗಳು ದೂರಿದ್ದೂ ಆಗಿದೆ. ಆ ಕಟ್ಟಡಗಳಲ್ಲಿ ವಾಸಿಸುವವರು ಬಡವರಲ್ಲ. ನಿದ್ದೆಗೆಟ್ಟಾಗ ಸಿಟ್ಟು ಬರುವುದಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ.

ಮುಂಬಯಿ ಪೊಲೀಸರು ಹಾರ್ನಿನ ಹಾವಳಿಗೆ ಒಂದು ಮೋಜಿನ ಮದ್ದನ್ನೂ ಅರೆದಿದ್ದರು. ಕೆಲವು ಸಿಗ್ನಲ್‌ಗಳಲ್ಲಿ ಸದ್ದು ಅಳೆಯುವ ಯಂತ್ರ ಜೋಡಿಸಿ, ಹಾರ್ನಿನ ಸದ್ದು 85 ಡೆಸಿಬಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುವಂತೆ ಮಾಡಿದರು. 2020ರ ಜನವರಿ ಕೊನೆಯಲ್ಲಿ ಅದರ ವಿಡಿಯೊ ಬಿಡುಗಡೆಯಾದಾಗ ಜನ ಬಿದ್ದು ಬಿದ್ದು ನಕ್ಕರು. ಆ ಸಿಗ್ನಲ್ ಮುಂದೆ ಫೆರಾರಿ ನಿಂತಿದೆಯೋ ಪದ್ಮಿನಿ ಟ್ಯಾಕ್ಸಿ ನಿಂತಿದೆಯೋ ಎಂದು ಯಂತ್ರ ನೋಡುತ್ತಿರಲಿಲ್ಲ. ಕಾಯುವ ಶಿಕ್ಷೆ ಎಲ್ಲರಿಗೂ ಸಮ.

ಕನ್ನಡಿಯಲ್ಲಿ ಕಂಡದ್ದು ನಿಜವಾದ ದೂರವಲ್ಲ

ಸಿಟ್ಟು, ಅಸೂಯೆಗಳಿಗಿಂತ ಹೆಚ್ಚು ಜೀವ ತೆಗೆಯುವಂಥದ್ದು ತಪ್ಪು ಅಂದಾಜು. ದಾರಿಹೋಕರಾಗಲಿ ವಾಹನ ಸವಾರರಾಗಲಿ ಎದುರಿನಿಂದ, ಹಿಂದಿನಿಂದ ಬರುವ ವಾಹನದ ದೂರವನ್ನು ನೋಡಿ ರಸ್ತೆ ದಾಟುತ್ತಾರೆ, ಲೇನ್ ಬದಲಿಸುತ್ತಾರೆ. ಈ ಅಂದಾಜು ಸಾಮಾನ್ಯ ವೇಗದ ಮೇಲೆ ರೂಢಿಯಾದದ್ದು. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. 100 ಮೀಟರ್ ದೂರದಲ್ಲಿದ್ದರೆ ಅದು ಬಂದು ತಲುಪಲು ನಾಲ್ಕೂವರೆ ಸೆಕೆಂಡು ಬೇಕು. ಅದೇ ಕಾರು 160ರಲ್ಲಿದ್ದರೆ ಎರಡೂಕಾಲು ಸೆಕೆಂಡು ಸಾಕು. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ ಏರಲು ಸಣ್ಣ ಕಾರಿಗೆ ಹನ್ನೆರಡರಿಂದ ಹದಿನೈದು ಸೆಕೆಂಡು ಬೇಕಾದರೆ, ಇಂದಿನ ಪ್ರಬಲ ಸ್ಪೋರ್ಟ್ಸ್ ಕಾರುಗಳಿಗೆ ಸುಮಾರು ಮೂರು ಸೆಕೆಂಡು ಸಾಕು. ಕನ್ನಡಿಯಲ್ಲಿ ದೂರದಲ್ಲಿ ಕಂಡದ್ದು ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಪಕ್ಕದಲ್ಲೇ ಇರುತ್ತದೆ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಹೊಡೆತ ನಾಲ್ಕು ಪಟ್ಟು. ಟೈಕಾನ್‌ನಂಥ ವಿದ್ಯುತ್ ಕಾರುಗಳಲ್ಲಂತೂ ಎಂಜಿನ್ ಸದ್ದಿನ ಮುನ್ನೆಚ್ಚರಿಕೆಯೂ ಇಲ್ಲ.

ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಶೇ. 71ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣ. ಸತ್ತವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಇದರಲ್ಲಿ ಸ್ಪೋರ್ಟ್ಸ್ ಕಾರಿನ ಪಾಲು ಅತ್ಯಲ್ಪವೇ ಇರಬಹುದು. ಲಾರಿ, ಬಸ್ಸು, ಜೀಪು, ಬೈಕುಗಳ ವೇಗವೂ ಕೊಲ್ಲುತ್ತದೆ. ಆದುದರಿಂದ ದುಬಾರಿ ಕಾರಿನವನತ್ತ ಮಾತ್ರ ಬೆರಳು ತೋರಿಸಿ ಉಳಿದವರು ಕೈ ತೊಳೆದುಕೊಳ್ಳುವಂತಿಲ್ಲ.

ಏನು ಮಾಡಬೇಕು?

ವೇಗದ ಕಾರು ಹಿಂದೆ ಬಂದರೆ ಹಟ ಮಾಡದೆ ಎಡಕ್ಕೆ ಸರಿದು ದಾರಿ ಬಿಡುವುದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ಪಂದ್ಯಕ್ಕೆ ಕರೆದರೆ ನಕ್ಕು ಸುಮ್ಮನಾಗಬೇಕು. ಫೋಟೊ ಬೇಕಿದ್ದರೆ ಗಾಡಿ ಬದಿಗೆ ನಿಲ್ಲಿಸಿ ತೆಗೆಯಬಹುದು. ಅಪಾಯಕಾರಿಯಾಗಿ ಓಡಿಸುವವನು ಕಂಡರೆ ಬೆನ್ನಟ್ಟದೆ, ನಂಬರು ನೆನಪಿಟ್ಟು ಪೊಲೀಸರಿಗೆ ತಿಳಿಸಬೇಕು. ಅಪಘಾತವಾದಾಗ ಚಾಲಕನಿಗೆ ಹೊಡೆಯಲು ಮುಗಿಬೀಳುವ ನೂರು ಕೈಗಳಲ್ಲಿ ಹತ್ತಾದರೂ ಗಾಯಾಳುವನ್ನು ಎತ್ತಿದರೆ ಒಂದು ಜೀವ ಉಳಿದೀತು. ಗಾಯಾಳುವಿಗೆ ನೆರವಾದವರಿಗೆ ತೊಂದರೆಯಾಗದಂತೆ 2019ರ ತಿದ್ದುಪಡಿಯಲ್ಲಿ ರಕ್ಷಣೆ ಕೊಡಲಾಗಿದೆ. 'ಬಡವನ ಕೋಪ ದವಡೆಗೆ ಮೂಲ' ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಮಕ್ಕಳ ಕೈಗೆ ಕೀಲಿ ಕೊಡುವ ಹೆತ್ತವರಿಗೂ ಒಂದು ಮಾತು. ಅಪ್ರಾಪ್ತರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂ. ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು, ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಈ ಕಾನೂನು ಪೋರ್ಶೆಗೆ ಎಷ್ಟೋ ಆಕ್ಟಿವಾ ಸ್ಕೂಟರಿಗೂ ಅಷ್ಟೇ. ಪುಣೆಯ ಹುಡುಗನ ತಂದೆಯನ್ನು ಬೈದವರಲ್ಲಿ ಎಷ್ಟು ಮಂದಿ ತಮ್ಮ ಹದಿನಾರರ ಮಗನನ್ನು ಸ್ಕೂಟರಿನಲ್ಲಿ ಕ್ಲಾಸಿಗೆ ಕಳುಹಿಸುತ್ತಿಲ್ಲ?

ವೇಗದ ಹಂಬಲ ಇರುವ ಯುವಕರಿಗೆ ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕಾರಿ ಸ್ಪೀಡ್‌ವೇ, ದೆಹಲಿ ಬಳಿಯ ಬುದ್ಧ ಸರ್ಕ್ಯೂಟ್ ಮುಂತಾದ ಪಂದ್ಯದ ಹಾದಿಗಳಿವೆ. ಅಲ್ಲಿ ಎದುರಿನಿಂದ ಬರುವವರಿಲ್ಲ, ರಸ್ತೆ ದಾಟುವ ಅಜ್ಜಿಯರಿಲ್ಲ. ಸಂಘಗಳ ಯುವ ವಿಭಾಗದವರು ಕ್ರೀಡಾಕೂಟ, ವಿಹಾರಕೂಟಗಳ ಜತೆಗೆ ವರ್ಷಕ್ಕೊಂದು ದಿನ ಸಂಚಾರ ಪೊಲೀಸರನ್ನು, ವಿಮೆಯ ಬಗ್ಗೆ ತಿಳಿದವರನ್ನು ಕರೆಸಿ ಸದಸ್ಯರಿಗೆ ಮಾಹಿತಿ ಕೊಡಿಸಿದರೆ ಅದೊಂದು ಒಳ್ಳೆಯ ಕೆಲಸವಾದೀತು. ಸಭಾಗೃಹದ ಬಾಡಿಗೆ ಬಿಟ್ಟರೆ ಹೆಚ್ಚಿನ ಖರ್ಚೂ ಇಲ್ಲ.

ಸಿಗ್ನಲ್‌ನಲ್ಲಿ ಮುಂದಿನ ಸಲ ಯಾವ ಗಾಡಿ ಅಡ್ಡ ನಿಂತರೂ, ಅದು ಫೆರಾರಿಯಾಗಿರಲಿ ತರಕಾರಿಯ ಟೆಂಪೊ ಆಗಿರಲಿ, ನಾಲ್ಕು ಸೆಕೆಂಡು ಸುಮ್ಮನೆ ಕಾಯಬಹುದು. ಕೋಟಿ ರೂಪಾಯಿಯ ಕಾರಿಗೆ ತೋರಿಸುವ ತಾಳ್ಮೆಯಲ್ಲಿ ಅರ್ಧದಷ್ಟನ್ನಾದರೂ ರಿಕ್ಷಾವಾಲಾನಿಗೂ ತೋರಿಸಿದರೆ ಮಹಾನಗರದ ರಸ್ತೆ ಎಲ್ಲರಿಗೂ ಇನ್ನಷ್ಟು ಸುರಕ್ಷಿತವಾದೀತು.